ಪೂಜೆಗೆ ಇಡದ ರೈಫಲ್

ಗುರಿ ಅಭ್ಯಾಸಕ್ಕೆ ಒಂದು ಹಳೆಯ ಬೋಲ್ಟ್ ಆ್ಯಕ್ಷನ್ ರೈಫಲ್ ಕೊಳ್ಳಬೇಕೆಂಬ ನನ್ನ ಆಸೆ ಈಡೇರುವ ದಿನ ಅದು. ಲೈಸೆನ್ಸ್ ಜೇಬಿನಲ್ಲಿತ್ತು. ಕೆರೆಬಿಳಚಿಯ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ತಂದೆಯ ಶಿಕಾರಿ ಕಾಲದ ಎರಡು ರೈಫಲ್ ಮಂಚದ ಮೇಲೆ ಮಲಗಿಸಿದ್ದರು. ಒಂದು ಜರ್ಮನಿಯದು, ಇನ್ನೊಂದು ಆಸ್ಟ್ರಿಯಾದ್ದು.

"ಜರ್ಮನಿದು ತಗೊಳ್ರಿ. ಇದರಾಗೆ ಅಪ್ಪಾಜಿಗೆ ಒಂದು ಸಲನೂ ಗುರಿ ತಪ್ಪಿಲ್ಲ," ಅಂದರು.

ಕೈಗೆತ್ತಿಕೊಂಡು, ಗುಂಡು ತುಂಬಲು ಹಿಂದೆ ಮುಂದೆ ಸರಿಸುವ ಬೋಲ್ಟ್ ಎಳೆದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಇಣುಕಿ ನೋಡಿದರೆ ಸಂದಿಯಲ್ಲೆಲ್ಲ ಕುಂಕುಮ, ವಿಭೂತಿ, ಎಣ್ಣೆ ಸೇರಿ ಗಾರೆಯಂತೆ ಗಟ್ಟಿಯಾಗಿತ್ತು.

"ವರ್ಷಾ ವರ್ಷಾ ಆಯುಧಪೂಜೆ ಮಾಡ್ತೀವ್ರಿ," ಅಂದರು ಮೇಷ್ಟ್ರು ಹೆಮ್ಮೆಯಿಂದ.

ಆಸ್ಟ್ರಿಯಾದ್ದರ ಬೋಲ್ಟ್ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ಸರಿಯಿತು. ನನಗೆ ಕುಣಿಯುವಷ್ಟು ಖುಷಿ.

"ಇದಕ್ಕೆ ಪೂಜೆ ಇಲ್ವಾ?"

"ಒಂದ್ಸಲ ಕಾಡುಹಂದಿಗಿಟ್ಟ ಗುರಿ ತಪ್ಪಿಸ್ತು ಅಂತ ಅಪ್ಪಾಜಿಗೆ ಇದರ ಮ್ಯಾಲೆ ಸಿಟ್ಟು. ಒಂದು ಬೊಟ್ಟು ಇಡಾಕೂ ಬಿಡ್ತಿರಲಿಲ್ಲ. ಎಣ್ಣೆಬಟ್ಟೆ ಸುತ್ತಿ ಇಟ್ಬಿಟ್ರು."

ಅದನ್ನೇ ಕೊಂಡೆ. ಈಗ ನಮ್ಮನೆಯಲ್ಲೂ ಆಯುಧಪೂಜೆಗೆ ರೈಫಲ್ ಇಡಲೇಬೇಕು ಅಂತ ಹೆಂಡತಿಯ ಹಟ. ಇಡುತ್ತೇನೆ. ಕಳಚಿದ ಬೋಲ್ಟ್ ಮಾತ್ರ ಮಂಗಳಾರತಿ ಮುಗಿಯುವವರೆಗೆ ನನ್ನ ಜೇಬಿನಲ್ಲಿರುತ್ತದೆ.