ಮುಂಬೈ ಅಂದೆವು, ಉಗಾಂಡಾ ಅನ್ನಲಿಲ್ಲ

ನನ್ನ ಮಗಳು ಸುಗುಣಾಳಿಗೆ ಮೊದಲು ಬಂದದ್ದು ಚಳಿ. ಇಳಕಲ್ಲಿನ ಬೇಸಿಗೆ, ಮಟಮಟ ಮಧ್ಯಾಹ್ನ. ಅವಳು ಎರಡು ಕೌದಿ ಹೊದ್ದು ಗದಗದ ನಡುಗಿದಳು. ಮಂಚ ಕಿರುಗುಟ್ಟಿತು.

ಉಗಾಂಡಾದಿಂದ ಬಂದು ವಾರವಾಗಿತ್ತು. ನಮ್ಮ ಚರ್ಚಿನಿಂದ ಆರೇಳು ಮಂದಿ ಹದಿನೈದು ದಿನದ ಸೇವೆಗೆಂದು ಹೋಗಿದ್ದರು. ಅಲ್ಲಿಯ ಒಂದು ಹಳ್ಳಿಯಲ್ಲಿ ಮಕ್ಕಳಿಗೆ ಹಾಡು, ಬೈಬಲ್ ಕಥೆ ಕಲಿಸಿದರಂತೆ, ಸಾಲೆಯ ಗೋಡೆಗೆ ಸುಣ್ಣ ಹೊಡೆದರಂತೆ. ಹೋಗುವ ಮುಂದೆ ನಾನು ಕೇಳಿದ್ದೆ, "ಇಲ್ಲೆ ಹುನಗುಂದದಾಗ ಸುಣ್ಣ ಕಾಣದ ಗೋಡಿ ಇಲ್ಲೇನ?"

ಅವಳು ನಕ್ಕಳು. "ಯವ್ವಾ, ನೀನೂ ಬಾ. ನಿನ್ನ ಬಾಯಿಗೆ ಅಂಜೇ ಅಲ್ಲಿ ಮಂದಿ ಪ್ರಾರ್ಥನಾಕ್ಕ ಕುಂದರ್ತಾರ."

ಸುಗುಣಾ ಒಂದು ಖಾಸಗಿ ಸಾಲೆಯಲ್ಲಿ ಟೀಚರ್. ಮತಾಂತರ ಮಾಡಲು ಹೋಗಿದ್ದಾಳೆ ಎಂದು ಯಾರಾದರೂ ಊದಿದರೆ ನೌಕರಿ ಹೋದೀತು ಎನ್ನುವ ಅಂಜಿಕೆ. ಅದಕ್ಕೆ ಮುಂಬೈಯಲ್ಲಿ ಚಿಕ್ಕಮ್ಮನಿಗೆ ಆಪರೇಷನ್ ಎಂದು ರಜೆ ಹಾಕಿದ್ದಳು. ನನಗೆ ತಂಗಿಯೇ ಇಲ್ಲ. ಓಣಿಗೂ ಮುಂಬೈ ಎಂದೇ ಹೇಳಿದ್ದೆವು.

ನಾವು ತೋರಿಸಿದ ಡಾಕ್ಟರೇ ಆ ಸಾಲೆಯ ಚೇರ್ಮನ್.

"ಎಲ್ಲ್ಯಾರ ಪರಸ್ಥಳಕ್ಕ ಹೋಗಿದ್ರೇನ್ರಿ?" ಎಂದು ಕೇಳಿದರು.

"ಮುಂಬೈಕ್ರಿ" ಎಂದ ಅಳಿಯ ದಾನಿಯೇಲ. ನಾನು ಬಾಯಿ ತೆಗೆಯಹೋದೆ. ಅವನು ನನ್ನ ಕೈ ಹಿಸುಕಿದ. ಸುಗುಣಾಳೂ ಬೇಡವೆಂದು ಕಣ್ಣಲ್ಲೇ ಹೇಳಿದಳು.

ವೈರಲ್ ಫೀವರ್ ಅಂದರು. ಮಾತ್ರೆ, ಸಲೈನ್. ಜ್ವರ ಇಳಿಯಿತು. ಮತ್ತೆ ಏರಿತು. ಚರ್ಚಿನವರು ಮನೆಗೆ ಬಂದು ಮೊಣಕಾಲೂರಿ, ಉಗಾಂಡಾದಲ್ಲಿ ನಿನ್ನ ಕೆಲಸ ಮಾಡಿದವಳನ್ನು ಕಾಪಾಡು ತಂದೆಯೇ ಎಂದು ಅತ್ತರು. ದೇವರಿಗೆ ಉಗಾಂಡಾ ಮೊದಲೇ ಗೊತ್ತಿತ್ತು. ಗೊತ್ತಾಗಬೇಕಾಗಿದ್ದದ್ದು ಡಾಕ್ಟರಿಗೆ.

ಒಂದು ಮುಂಜಾನೆ ಅವಳ ಮೂತ್ರ ಕರಿ ಚಹಾದಂತೆ ಬಂತು.

ಕಾರು ಮಾಡಿಕೊಂಡು ಬಾಗಲಕೋಟೆಗೆ ಹೊರಟೆವು. ಹುನಗುಂದ ದಾಟಿದ ಮೇಲೆ, ನನ್ನ ತೊಡೆಯ ಮೇಲೆ ತಲೆಯಿಟ್ಟವಳು ನನ್ನ ಮುಖ ನೋಡಿ, "ನೀವು ಯಾರ್ರಿ?" ಎಂದು ಕೇಳಿದಳು.

ದೊಡ್ಡ ದವಾಖಾನೆಯ ಎಮರ್ಜೆನ್ಸಿಯಲ್ಲಿ ಒಬ್ಬ ಹರೆಯದ ಡಾಕ್ಟರಮ್ಮ. ಅದೇ ಪ್ರಶ್ನೆ. ಅಳಿಯ ಮತ್ತೆ ಮುಂಬೈ ಎಂದು ಶುರು ಮಾಡಿದ.

"ಬಾಯಿ ಮುಚ್ಚಪಾ. ಅಕಿನ ಹೋದ ಮ್ಯಾಲ ನೌಕರಿ ಯಾರ್ ಮಾಡ್ತಾರ?" ಎಂದೆ. ಡಾಕ್ಟರಮ್ಮನ ಕಡೆ ತಿರುಗಿದೆ. "ಆಫ್ರಿಕಾಕ್ಕ ಹೋಗಿದ್ಲರಿ. ಉಗಾಂಡಾ. ಅಲ್ಲೆ ಸೊಳ್ಳಿ ಭಾಳ ಅಂತಿದ್ಲು."

"ಅಜ್ಜಿ, ಇದನ್ನ ಮೊದಲ ಯಾರಿಗೂ ಹೇಳಿಲ್ಲೇನ್ರಿ?"

ಉತ್ತರ ಕೇಳಲು ಅವರು ನಿಲ್ಲಲಿಲ್ಲ. ರಕ್ತದ ಹನಿ ಗಾಜಿಗೆ ಸವರಿ ಬ್ಲಡ್ ಸ್ಮಿಯರ್ ಮಾಡಿಸಿದರು. ಫಾಲ್ಸಿಪಾರಮ್ ಮಲೇರಿಯಾ, ಮಲೇರಿಯಾದಲ್ಲೇ ಜೀವ ತೆಗೆಯುವ ಜಾತಿ. ಮಿದುಳಿಗೆ ಏರಿದೆ, ಕಿಡ್ನಿ ಹಿಡಿದಿದೆ, ತಡವಾಗಿದೆ ಎಂದರು.

ಐಸಿಯು. ವೆಂಟಿಲೇಟರ್.

ಹೊರಗೆ ಗೋಡೆಗೆ ಒರಗಿ ಕುಳಿತೆ. ದಾನಿಯೇಲ ತಲೆ ಚಚ್ಚಿಕೊಂಡ. ಬೇಡ ಅನ್ನಲಿಲ್ಲ ನಾನು. ಪ್ರಾರ್ಥನೆ ಮಾಡೋಣವೆಂದರೆ ಬಾಯಿಗೆ ಬರೀ ಬೈಗುಳ ಬಂತು. ನಿನ್ನ ಕೆಲಸಕ್ಕೆ ಹೋದವಳು, ನೀನೇ ನೋಡಿಕೋ, ಆಗದಿದ್ದರೆ ಅದನ್ನಾದರೂ ಹೇಳು ಎಂದೆ. ಉಗಾಂಡಾದ ಆ ಹಳ್ಳಿಯಲ್ಲಿ ಮಕ್ಕಳಿಗೆ ಇದೇ ಜ್ವರ ವರ್ಷ ವರ್ಷ ಬರುತ್ತದಂತೆ. ಅವರ ತಾಯಂದಿರು ಯಾವ ಗೋಡೆಗೆ ಒರಗಿ ಕೂಡುತ್ತಾರೋ ಎಂದು ಯೋಚನೆ ಬಂತು. ಮುಂದೆ ಯೋಚಿಸಲು ಆಗಲಿಲ್ಲ.

ಬದುಕಿದಳು. ಕಿಡ್ನಿ ಇನ್ನೂ ಕೆಲಸಕ್ಕೆ ತಿರುಗಿ ಬಂದಿಲ್ಲ. ವಾರಕ್ಕೆರಡು ಸಲ ಡಯಾಲಿಸಿಸ್. ಬಂದೀತು, ಬರದೆಯೂ ಇರಬಹುದು ಅನ್ನುತ್ತಾರೆ.

ಸುದ್ದಿ ತಿಳಿದು ಸಾಲೆಯ ಚೇರ್ಮನ್ ಡಾಕ್ಟರ್ ನಮ್ಮ ಮನೆಗೆ ಬಂದರು. "ನನಗರ ಹೇಳಬೇಕಿತ್ತಲ್ಲವ್ವ?" ಎಂದರು.

"ಹೇಳಿದ್ರ ನೌಕರಿಯಿಂದ ತಗೀತಿದ್ದಿಲ್ಲೇನ್ರಿ?"

ಅವರು ಮಂಚದ ಅಂಚಿಗೆ ಕುಳಿತರು. ನೀರು ತುಂಬಿ ಬಾತಿದ್ದ ಸುಗುಣಾಳ ಪಾದವನ್ನು ಬೆರಳಿನಿಂದ ಒತ್ತಿ ನೋಡಿದರು. ಬಿದ್ದ ತಗ್ಗು ಬೇಗ ಏಳಲಿಲ್ಲ.

ಅವಳಿಗೆ ನೀರು ಅಳೆದು ಕೊಡಬೇಕು. ಈ ಸೆಕೆಯಲ್ಲಿ ನೀರು ನೀರು ಅನ್ನುತ್ತಾಳೆ. ನಾನು ಅರ್ಧ ಲೋಟ ಕೊಟ್ಟು ತಂಬಿಗೆ ಒಳಗಿಡುತ್ತೇನೆ. "ನೀ ತಾಯಿ ಅಲ್ಲ, ಜೈಲರ್" ಎಂದು ಬೈಯುತ್ತಾಳೆ. ಬೈಯಲಿ. ಕಾರಿನಲ್ಲಿ ನೀವು ಯಾರ್ರಿ ಎಂದವಳಿಗೆ, ತಾನು ಬೈಯುತ್ತಿರುವುದು ಯಾರಿಗೆ ಎಂದು ಈಗ ಗೊತ್ತಿದೆ.