ರಟ್ಟಿನ ಬಾದಾಮಿ ಸೆಟೆದುಕೊಂಡ ದಿನ

ಕಳೆದ ವರ್ಷ ಶ್ರಾವಣ ಮುಗಿದ ಮೇಲೆ ಬಂದ ಒಂದು ಶನಿವಾರದ ಮಾತು. ನಾನು ಹುನಗುಂದದ ಕಚೇರಿಯೊಂದರಲ್ಲಿ ಗುಮಾಸ್ತ; ಇಳಕಲ್ಲಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಮಂಚ ಹಾಕಿದರೆ ಕುರ್ಚಿಗೆ ಜಾಗವಿಲ್ಲ, ಕುರ್ಚಿ ಹಾಕಿದರೆ ನನಗೇ ಜಾಗವಿಲ್ಲ.

ನನಗೊಂದು ಹುಚ್ಚಿದೆ. ಗುಡ್ಡ, ಹೊಳೆ, ಕೋಟೆಗಳನ್ನು ಜೋಡಿಸಿ, ಬೆರಳುದ್ದದ ಸೈನಿಕರನ್ನು ನಿಲ್ಲಿಸಿ, ದಾಳ ಉರುಳಿಸಿ ಆಡುವ ಯುದ್ಧದ ಆಟ. ವಿದ್ಯಾಗಿರಿಯಲ್ಲಿ ಮೂವರು ಗೆಳೆಯರಿದ್ದಾರೆ. ನಾಲ್ಕು ವರ್ಷ ಅವರ ಮನೆಗಳಲ್ಲೇ ಆಡಿ, ಅವರದೇ ಚಹಾ ಕುಡಿದು ಬಂದಿದ್ದೆ. "ನಿನ್ನ ಖೋಲ್ಯಾಗ ಸೈನಿಕರು ನಿಂತ್ರ ನಾವು ಎಲ್ಲಿ ನಿಂದರೂದಲೇ?" ಎಂದು ಅವರು ನಕ್ಕಾಗ ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಚುರುಕ್ ಎನ್ನುತ್ತಿತ್ತು.

ಅದಕ್ಕೇ ಆರು ತಿಂಗಳು ಕೂತು ಗೇಣಗಲದ ಇಪ್ಪತ್ತನಾಲ್ಕು ರಟ್ಟಿನ ಚೌಕಗಳನ್ನು ಮಾಡಿದೆ. ಜೋಡಿಸಿದರೆ ಬಾದಾಮಿಯ ಕೆಂಪು ಗುಡ್ಡ, ಕೆರೆ, ಕೋಟೆ; ಬಿಚ್ಚಿದರೆ ಮಂಚದ ಕೆಳಗಿನ ಟ್ರಂಕಿನೊಳಗೆ ಎಲ್ಲವೂ ಹಿಡಿಯುತ್ತವೆ. ಭಾನುವಾರಕ್ಕೆ ಗೆಳೆಯರನ್ನು ಕರೆದೂ ಆಯಿತು. ಶುಕ್ರವಾರ ಕೊನೆಯದಾಗಿ ಅಂಟು, ಬಣ್ಣ ದಪ್ಪಗೆ ಬಳಿದೆ.

ಶನಿವಾರ ಬೆಳಿಗ್ಗೆ ನೋಡಿದರೆ ಇಪ್ಪತ್ತನಾಲ್ಕೂ ಬಿಸಿಲಿಗೆ ಹಾಕಿದ ಹಪ್ಪಳದಂತೆ ಸೆಟೆದಿವೆ. ಹೊಳೆ ಒಂದು ಕಡೆ, ದಂಡೆ ಇನ್ನೊಂದು ಕಡೆ. ಹೊಸ್ತಿಲಲ್ಲಿ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನು.

ಪಕ್ಕದ ಮನೆಯ ಗೌರವ್ವಾಯಿ ಬಂದರು. ಎಪ್ಪತ್ತು ದಾಟಿದ ನೇಕಾರ್ತಿ, ಕಣ್ಣಿಗೆ ಪೊರೆ ಬಂದಿದೆ. ಒಂದು ಚೌಕವನ್ನೆತ್ತಿ ಹಿಂದೆ ಮುಂದೆ ಸವರಿದರು.

"ಬಣ್ಣ ಒಂದ ಮಗ್ಗಲಕ್ಕ ಹಚ್ಚೀಯೇನು?"

"ಹೌದ್ರಿ ಆಯಿ. ಹಿಂದಿಂದು ಯಾರಿಗೆ ಕಾಣತೈತ್ರಿ?"

"ಒಂದ ಮಗ್ಗಲಕ್ಕ ಉಣಿಸಿ, ಇನ್ನೊಂದು ಉಪಾಸ ಕೆಡವಿದ್ರ ಸಿಟ್ಟಿಗೇಳೂದಿಲ್ಲೇನು? ಏಳು, ಒಲಿ ಹಚ್ಚು."

ನೂಲಿಗೆ ಹಾಕುವ ಗಂಜಿಯನ್ನು ತೆಳ್ಳಗೆ ಕಾಯಿಸಿ ಎಲ್ಲದರ ಬೆನ್ನಿಗೂ ಬಳಿಸಿದರು. ಗುಡ್ಡ ಮುರಿಯದಂತೆ ದಪ್ಪ ಕೌದಿಯ ಮೇಲೆ ಬೋರಲು ಮಲಗಿಸಿ, ಮೇಲೆ ಹಳೆಯ ಧೋತರ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಗುಂಡುಕಲ್ಲು ಇಡಿಸಿದರು. "ನಾಳೆ ಮುಂಜಾನಿತನಕಾ ಹಣಿಕಿ ಹಾಕಬ್ಯಾಡ" ಎಂದು ಹೋದರು.

ಭಾನುವಾರ ಹಲಗೆ ಎತ್ತಿದರೆ ಎಲ್ಲವೂ ನೆಟ್ಟಗಾಗಿವೆ! ನಾನು ಕುಣಿಯುವುದೊಂದು ಬಾಕಿ. ಆಯಿ ಮಾತ್ರ ಕಣ್ಣು ಮುಚ್ಚಿ, ಒಂದೊಂದರ ಅಂಚನ್ನೂ ಎರಡು ಬೆರಳ ನಡುವೆ ಹಿಡಿದು ಎಳೆದು ನೋಡಿ, ಮೂರನ್ನು ಬದಿಗಿಟ್ಟರು.

"ಇವು ಮೂರು ದಪ್ಪ ಅದಾವ."

ಸ್ಕೇಲ್ ಹಿಡಿದೆ, ಏನೂ ಗೊತ್ತಾಗಲಿಲ್ಲ. ಜೋಡಿಸಿ ನೋಡಿದರೆ ಅವೇ ಮೂರು ಉಗುರಿಗೆ ತಗುಲುವಷ್ಟು ಎದ್ದಿದ್ದವು. ಆಗ ನೆನಪಾಯಿತು: ರಟ್ಟು ಸಾಲದೆ ಆ ಮೂರಕ್ಕೆ ಬೇರೆ ಡಬ್ಬಿ ಕತ್ತರಿಸಿದ್ದೆ. ಅದನ್ನು ನಾನೇ ಮರೆತಿದ್ದೆ.

"ಅದ್ಹೆಂಗ ತಿಳೀತ್ರಿ ಆಯಿ?"

"ಐವತ್ತು ವರ್ಷ ಎಳಿ ಹಿಡದೇನಿ ತಮ್ಮಾ. ಸೀರಿಗೆ ಸೆರಗು ಕೂಡಿಸಿದ್ದು ಉಟ್ಟಾಕಿ ಕೈಗೆ ಹತ್ತಬಾರದು."

ಆ ಮೂರರ ಬೆನ್ನನ್ನೂ ಉಜ್ಜುಕಾಗದದಿಂದ ತಿಕ್ಕಿ ತೆಳ್ಳಗೆ ಮಾಡಿದೆ. ಗೆಳೆಯರು ಬಂದರು. ಮಂಚವನ್ನು ಗೋಡೆಗೆ ಒರಗಿಸಿ ನೆಲದ ಮೇಲೆ ಬಾದಾಮಿ ಹಾಸಿದೆ. ಮೂವರೂ ಬಾಗಿ ನೋಡಿದರು. "ಎಲ್ಲಿ ಜೋಡಿಸೀಯಲೇ, ಕಾಣವಲ್ದು!" ಎಂದ ಒಬ್ಬ. ಜಾಗದ ಮಾತನ್ನು ಯಾರೂ ಎತ್ತಲಿಲ್ಲ. ಸಂಜೆವರೆಗೂ ಆಡಿದೆವು. ಅವತ್ತು ಚಹಾ ನನ್ನದು.

ಅವರು ಹೋದ ಮೇಲೆ ಆಯಿಯ ಮನೆಗೆ ಹೋಗಿ ಅವರ ಕೈ ಹಿಡಿದು ನೋಡಿದೆ. ಬೆರಳ ತುದಿಯ ಗೆರೆಗಳೆಲ್ಲ ನೂಲಿಗೆ ಸವೆದು ನುಣ್ಣಗಾಗಿವೆ. "ರೇಷನ್ ಮಷೀನಿಗೆ ನನ್ನ ಹೆಬ್ಬಟ್ಟು ಹತ್ತೂದ ಇಲ್ಲಪಾ. ಮೂರ್ನಾಕ ಸಲ ಒತ್ತಬೇಕು" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ಆ ಬೆರಳುಗಳನ್ನು ಕಣ್ಣಿಗೊತ್ತಿಕೊಂಡೆ.

ಈಗಲೂ ಹೊಸ ಚೌಕ ಮಾಡಿದರೆ ಮೊದಲು ಅವರ ಕೈಗೇ ಕೊಡುತ್ತೇನೆ. ಅವರು "ಹೂಂ" ಅನ್ನುವವರೆಗೂ ನನ್ನ ಎದೆ ಹೊಡೆದುಕೊಳ್ಳುತ್ತಲೇ ಇರುತ್ತದೆ.