ವಿನ್ನಿ ಥ್ರಪ್ ಮತ್ತು ಹನ್ನೊಂದು ಲಾಕುಗಳು

ವಿನ್ನಿ ಥ್ರಪ್ ನನ್ನನ್ನು ಮೊದಲ ಸಲ ನೋಡಿದಾಗ ನಾನು ಅವಳ ದೋಣಿಯನ್ನು ಕಾಪಾಡುತ್ತಿದ್ದೆ. ಅದಕ್ಕೆ ಕಾಪಾಡುವವರು ಬೇಕಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಕಾಲುವೆ ದಂಡೆಯ ಬಾಡಿಗೆ ದೋಣಿಗಳ ಅಂಗಡಿಯಲ್ಲಿ ನಾನು ಕೆಲಸಕ್ಕೆ ಸೇರಿ ಆಗ ನಾಲ್ಕು ದಿನ. ಬೆನ್ನ ಮೇಲೆ ‘ತರಬೇತುದಾರ’ ಎಂದು ದಪ್ಪಕ್ಷರದಲ್ಲಿ ಬರೆದ ಅಂಗಿ ಕೊಟ್ಟಿದ್ದರು, ತರಬೇತಿ ಕೊಟ್ಟಿರಲಿಲ್ಲ. ಸೇತುವೆಯ ನೆರಳಲ್ಲಿ ಕೂತು ಚೀಸ್ ಬ್ರೆಡ್ಡು ತಿನ್ನುತ್ತಿದ್ದಾಗ ಅರವತ್ತಡಿ ಉದ್ದದ ಹಸಿರು ದೋಣಿಯೊಂದು ಟುಕುಟುಕು ಸದ್ದು ಮಾಡುತ್ತ ಬಂತು. ಚುಕ್ಕಾಣಿ ಹಿಡಿದವರು ಯಾರೂ ಇಲ್ಲ. ಬ್ರೆಡ್ಡು ಬಿಸಾಕಿ, ಸೇತುವೆಯಡಿ ಕಾಲುವೆ ಕಿರಿದಾಗುವಲ್ಲಿ ದೋಣಿಗೆ ಹಾರಿ, ಬಲಕ್ಕೆ ಹೋಗಲೆಂದು ಚುಕ್ಕಾಣಿಯನ್ನು ಬಲಕ್ಕೇ ತಳ್ಳಿದೆ. ದೋಣಿ ಎಡಕ್ಕೆ ತಿರುಗಿ, ಮುಳ್ಳಿನ ಪೊದೆಗೆ ಮೂತಿ ತೂರಿಸಿ, ಕೆಸರಿನಲ್ಲಿ ಆರಾಮಾಗಿ ಕೂತುಬಿಟ್ಟಿತು.

ಮುಂದಿನ ಲಾಕಿನ ಕಡೆಯಿಂದ, ಅಂದರೆ ಎರಡು ಕದಗಳ ನಡುವೆ ನೀರು ತುಂಬಿಸಿ, ಖಾಲಿ ಮಾಡಿ ದೋಣಿಯನ್ನು ಏರಿಸುವ ಇಳಿಸುವ ತೊಟ್ಟಿಯ ಕಡೆಯಿಂದ, ಗಿಡ್ಡನೆಯ ಮುದುಕಿಯೊಬ್ಬಳು ಬಂದಳು. ಸೊಂಟದ ಪಟ್ಟಿಯಲ್ಲಿ ತೂಬು ಎತ್ತುವ ಕಬ್ಬಿಣದ ಹಿಡಿ. ನಡಿಗೆಯಲ್ಲಿ ಒಂದಿಷ್ಟೂ ಅವಸರವಿಲ್ಲ.

“ಯಾರೋ ನೀರಿಗೆ ಬಿದ್ದಿದಾರೆ!” ಎಂದು ಕೂಗಿದೆ.

“ಯಾರು?”

“ಈ ದೋಣಿಯವರು!”

“ಈ ದೋಣಿಯವಳು ನಾನೇ ಕಣೋ. ಲಾಕಿನ ಕದ ತೆಗೆಯೋಕೆ ಮುಂದೆ ನಡ್ಕೊಂಡು ಹೋಗಿದ್ದೆ. ದೋಣಿಗೆ ದಾರಿ ಗೊತ್ತಿತ್ತು, ಹಿಂದಿಂದ ಬರ್ತಿತ್ತು. ದಾರಿ ತಪ್ಪಿಸಿದ್ದು ನೀನು. ತಿರುಗು, ಬೆನ್ನ ಮೇಲೆ ಏನೋ ಬರ್ಕೊಂಡಿದ್ದೀಯಲ್ಲ, ಓದಿ ಹೇಳು. ನಂಗೆ ಓದೋಕೆ ಬರಲ್ಲ.”

ಓದಿ ಹೇಳಿದೆ. ಅವಳು ನಗುತ್ತ ದಂಡೆಯ ಮೇಲೆ ಕೂತಳು. ಏಳಲು ಬಹಳ ಹೊತ್ತು ಬೇಕಾಯಿತು.

ವಿನ್ನಿ ಹುಟ್ಟಿದ್ದೇ ದೋಣಿಯಲ್ಲಿ. ಅವಳ ಅಪ್ಪ ಅಮ್ಮ ಕಲ್ಲಿದ್ದಲು ಸಾಗಿಸುತ್ತಿದ್ದರು. ಹೆತ್ತ ಮೂರನೇ ದಿನಕ್ಕೆ ಅಮ್ಮ ಮತ್ತೆ ಚುಕ್ಕಾಣಿ ಹಿಡಿದಳಂತೆ, ಇದ್ದಲು ಕಾಯುವುದಿಲ್ಲವಲ್ಲ. ದೋಣಿ ಎಲ್ಲಿ ನಿಂತರೆ ಅಲ್ಲಿ ಒಂದೆರಡು ದಿನದ ಶಾಲೆ. ಒಂದೂರಿನಲ್ಲಿ ‘ಅ’ ಕಲಿತರೆ ಇನ್ನೊಂದೂರಿನಲ್ಲೂ ಅದೇ ‘ಅ’. ಹೀಗೆ ಹದಿನೇಳು ಶಾಲೆಗಳಲ್ಲಿ ಒಂದೇ ಅಕ್ಷರ ಕಲಿತೆ ಎನ್ನುತ್ತಿದ್ದಳು. ಸಾಗಣೆ ಲಾರಿಗಳ ಪಾಲಾದ ಮೇಲೂ ಅವಳೂ ಗಂಡ ಆಲ್ಬರ್ಟನೂ ದೋಣಿ ಬಿಡಲಿಲ್ಲ. ಆಲ್ಬರ್ಟ್ ಹೋದ ಮೇಲೆ ಅವಳೊಬ್ಬಳೇ ಬಿಡಲಿಲ್ಲ.

ಅವಳಿಗೆ ಎಪ್ಪತ್ತಾರು ತುಂಬಿದ ಚಳಿಗಾಲದಲ್ಲಿ, ಹಿಮ ಕಟ್ಟಿದ ದೋಣಿಯ ಮಾಡಿನ ಮೇಲಿಂದ ಜಾರಿ ಬಲ ಭುಜ ಮುರಿದುಕೊಂಡಳು. ಮಗಳು ಲಿಂಡ್ಸಿ ಸ್ಟಾಫರ್ಡಿನಲ್ಲಿ ನೆಲಮಹಡಿಯ ಒಂದು ಪುಟ್ಟ ಮನೆ ಗೊತ್ತುಮಾಡಿದಳು. ಬಚ್ಚಲಲ್ಲೊಂದು ಕೆಂಪು ಹಗ್ಗವಿತ್ತು. ಎಳೆದರೆ ಯಾರಾದರೂ ಓಡಿಬರುತ್ತಾರೆ.

“ಹುಟ್ಟಿದಾಗಿಂದ ಹಗ್ಗ ಎಳೀತಾನೇ ಇದೀನಿ, ಒಬ್ರೂ ಓಡಿಬರಲಿಲ್ಲ,” ಎಂದಳು ವಿನ್ನಿ.

“ತಮಾಷೆ ಸಾಕಮ್ಮ. ಇನ್ನೊಂದ್ಸಲ ಬಿದ್ರೆ ನಿನ್ನ ನೋಡೋರ್ಯಾರು? ಬಾತುಕೋಳಿಗಳಾ?”

ಕೊನೆಗೆ ಷರತ್ತು ಹಾಕಿದವಳು ವಿನ್ನಿಯೇ. ಬೇಸಿಗೆಯಲ್ಲಿ ಮಾರ್ಸ್‌ಕೋಟ್ ಗುಡ್ಡದ ಹನ್ನೊಂದು ಲಾಕುಗಳನ್ನೂ ಒಬ್ಬಳೇ ಹತ್ತುತ್ತೇನೆ. ಹತ್ತಿದರೆ ದೋಣಿ ನನ್ನದು, ಆಗದಿದ್ದರೆ ಸೆಪ್ಟೆಂಬರಿಗೆ ನಿನ್ನ ಹಗ್ಗದ ಮನೆ, ಎಂದಳು ಮಗಳಿಗೆ. ಅಷ್ಟರಲ್ಲಿ ಅವಳ ಗೆಳೆಯನಾಗಿಬಿಟ್ಟಿದ್ದ ನಾನು ಸಾಕ್ಷಿ. ವರ್ಷಕ್ಕೆ ಸಿಗುವ ಒಂದೇ ವಾರದ ರಜೆಯನ್ನು, ವರ್ಷವಿಡೀ ನೋಡುವ ಕಾಲುವೆಯನ್ನೇ ಮತ್ತೆ ನೋಡಲು ಖರ್ಚು ಮಾಡಿದ ಜಾಣ ನಾನೊಬ್ಬನೇ ಇರಬೇಕು.

“ಕೈ ಜೇಬಲ್ಲಿರಲಿ,” ಎಂದಳು ಹೊರಡುವಾಗ. “ಕೆಟಲ್ ಇಡೋಕೆ ಮಾತ್ರ ತೆಗಿ.”

ನಾಲ್ಕು ದಿನ ನಿಧಾನವಾಗಿ ಹೋದೆವು. ದಂಡೆಯ ಮೇಲೆ ನಾಯಿ ಅಡ್ಡಾಡಿಸುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಕೆಲವು ಸಲ ಕುಂಟು ನಾಯಿಯೂ. ವಿನ್ನಿ ಎಡಗೈಯಲ್ಲಿ ಚುಕ್ಕಾಣಿ, ಬಲಗೈಯಲ್ಲಿ ಚಹಾದ ಮಗ್ಗು ಹಿಡಿದು ನಿಂತಿರುತ್ತಿದ್ದಳು. ಮೂರನೆಯ ದಿನದ ಹೊತ್ತಿಗೆ ಮಗ್ಗನ್ನು ಬಲಗೈ ಎತ್ತುವ ಬದಲು ಅವಳೇ ಅದರತ್ತ ತಲೆ ಬಗ್ಗಿಸುತ್ತಿದ್ದಳು. ನೋಡಿಯೂ ನೋಡದವನಂತೆ ಇದ್ದೆ.

ಆ ಮಧ್ಯಾಹ್ನ ಎದುರಿನಿಂದ ಬಂದ ದೋಣಿಯವನೊಬ್ಬ, “ದಾರಿ ಹೇಗಿದೆ?” ಎಂದು ಕೇಳಿದ. ಮುಂದಿನ ಮೂರು ಲಾಕುಗಳು ತಾನು ಇಳಿಯಲು ತುಂಬಿ ನಿಂತಿವೆಯೋ ಇಲ್ಲವೋ ಎಂಬುದೇ ಆ ಪ್ರಶ್ನೆ. ಗಂಟೆಯ ಹಿಂದೆಯಷ್ಟೇ ಇನ್ನೊಂದು ದೋಣಿ ಅವನು ಹೊರಟ ದಿಕ್ಕಿಗೇ ಇಳಿದುಹೋಗಿ ಎಲ್ಲವನ್ನೂ ಖಾಲಿ ಮಾಡಿತ್ತು. ಆದರೂ ಅವನ ಬೆವರಿದ ಮುಖ ನೋಡಿ, “ಚೆನ್ನಾಗಿದೆ ಸಾರ್!” ಎಂದುಬಿಟ್ಟೆ.

“ನಂಬಬೇಡಪ್ಪಾ!” ವಿನ್ನಿ ಕೂಗಿದಳು. “ಕೆಟ್ಟ ದಾರಿ! ಮೂರೂ ಖಾಲಿ!”

ದೋಣಿ ದಾಟಿದ ಮೇಲೆ ನನ್ನತ್ತ ತಿರುಗಿದಳು. “ಅವನು ಕೇಳಿದ್ದು ದಾರಿ ಕಣೋ, ನಿನ್ನ ಒಳ್ಳೇತನ ಅಲ್ಲ. ತುಂಬಿದೆ ಅಂತ ನಂಬ್ಕೊಂಡು ಹೋಗಿ ಕತ್ತಲಾಗೋವರೆಗೂ ಅಲ್ಲೇ ಒದ್ದಾಡ್ತಿದ್ದ. ನಮ್ಮಪ್ಪ ಹೆಂಡ ಕುಡೀತಿದ್ದ, ಮೊಲ ಕದೀತಿದ್ದ. ದಾರಿ ಕೇಳಿದೋರಿಗೆ ಮಾತ್ರ ಸುಳ್ಳು ಹೇಳ್ತಿರಲಿಲ್ಲ.”

ಐದನೆಯ ದಿನ ಬೆಳಿಗ್ಗೆ ಮಾರ್ಸ್‌ಕೋಟ್. ಕೆಳಗಿನ ಕದದಿಂದ ದೋಣಿ ಒಳಗೆ, ಕದ ಮುಚ್ಚು, ಮೇಲಿನ ತೂಬು ಎತ್ತು, ನೀರು ದೋಣಿಯನ್ನು ಮೇಲೆತ್ತುವವರೆಗೆ ಕಾಯಿ, ಮೇಲಿನ ಕದದ ತೊಲೆಗೆ ಬೆನ್ನು ಕೊಟ್ಟು ತಳ್ಳು, ಹೊರಡು. ವಿನ್ನಿ ಇದನ್ನು ರೊಟ್ಟಿ ಬೇಯಿಸುವವಳಂತೆ ಒಂದರ ಹಿಂದೊಂದು ಮಾಡಿದಳು. ಏಳಾಯಿತು, ಎಂಟಾಯಿತು. ಒಂಬತ್ತೂ ಆಯಿತು.

ಹತ್ತನೆಯದರಲ್ಲಿ ನೀರು ಸಮಕ್ಕೆ ಬಂತು, ಕದ ಅಲುಗಲಿಲ್ಲ. ಬೆನ್ನು ಕೊಟ್ಟಳು. ಮಗ್ಗುಲು ಬದಲಿಸಿ ಎಡ ಭುಜ ಕೊಟ್ಟಳು. ಬೂಟು ಜಾರಿತು. ಮೂರನೆಯ ಸಲ ತಳ್ಳಿ, ತೊಲೆಯ ಮೇಲೆಯೇ ಕೂತು ತನ್ನ ಅಂಗೈ ನೋಡಿಕೊಂಡಳು. ನನ್ನ ಜೇಬುಗಳಲ್ಲಿ ನನ್ನ ಕೈಗಳು ಬೆವರುತ್ತಿದ್ದವು.

ಕೆಳಗಿನ ಲಾಕಿನಿಂದ ಹೊರಬಂದ ದೋಣಿಯೊಂದು ನಮಗಾಗಿ ಕಾಯುತ್ತ ನಿಂತಿತು. ಅದರ ಮೂತಿಯಲ್ಲಿ ಕೂತ ಹುಡುಗಿ ಎರಡೆರಡು ಸಲ ಆಕಳಿಸಿದಳು.

“ಜನ ಕಾಯ್ತಿದ್ದಾರೆ,” ಎಂದಳು ವಿನ್ನಿ. “ತೆಗಿ ಕೈ.”

ಒಂದೇ ಕೈಯಲ್ಲಿ ತಳ್ಳಿದೆ. ಕದ ಅಡುಗೆಮನೆಯ ಬಾಗಿಲಿನಂತೆ ತೆರೆದುಕೊಂಡಿತು. ಅಷ್ಟು ಸುಲಭವಾಗಿ ತೆರೆದದ್ದಕ್ಕೆ ಅದನ್ನು ಒದೆಯಬೇಕೆನಿಸಿತು.

“ಒಂದು ಕೈ ಲೆಕ್ಕಕ್ಕಿಲ್ಲ,” ಎಂದೆ. “ಅರ್ಧ ನೀನೇ ಸಡಿಲ ಮಾಡಿದ್ದೆ.”

ಅವಳು ದೋಣಿ ಹೊರಡಿಸಿದಳು. ಹನ್ನೊಂದನೆಯದನ್ನು ಒಬ್ಬಳೇ ತಳ್ಳಿದಳು. ಅದಕ್ಕೆ ಅರ್ಧ ಗಂಟೆ ಹಿಡಿಯಿತು.

ಮೇಲೆ ಲಿಂಡ್ಸಿ ಫ್ಲಾಸ್ಕೂ ಹಂದಿಮಾಂಸದ ಕಡುಬೂ ಹಿಡಿದು ಹುಲ್ಲಿನ ಮೇಲೆ ಕಾಯುತ್ತಿದ್ದಳು. ಮೊದಲು ಕೇಳಿದ್ದು ನನ್ನನ್ನು.

“ಎಲ್ಲಾ ಅವಳೇ,” ಎಂದೆ. “ನಾನು ಚಹಾ ಮಾಡಿದೆ, ಅಷ್ಟೇ.”

ಲಿಂಡ್ಸಿಯ ಮುಖ ಒಮ್ಮೆ ಬಿಗಿಯಿತು, ಆಮೇಲೆ ಸಡಿಲವಾಯಿತು. “ಸರಿ ಬಿಡು. ಆ ಮನೆಯವರಿಗೆ ಬೇಡ ಅಂತ ನಾಳೆ ಫೋನ್ ಮಾಡ್ತೀನಿ,” ಎನ್ನುತ್ತ ಚಹಾ ಬಗ್ಗಿಸಿ ಲೋಟ ಚಾಚಿದಳು. ವಿನ್ನಿ ಬಲಗೈ ಚಾಚಲಿಲ್ಲ. ಲಿಂಡ್ಸಿ ಲೋಟ ಹಿಡಿದುಕೊಂಡೇ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು.

“ಅಮ್ಮಾ, ದಾರಿ ಹೇಗಿತ್ತು? ಹನ್ನೊಂದೂ ನೀನೇನಾ?”

“ಅಲ್ಲ,” ಎಂದಳು ವಿನ್ನಿ. “ಹತ್ತನೇದು ನನ್ನ ಕೈಲಿ ಆಗಲಿಲ್ಲ. ಇವನು ತಳ್ಳಿದ.”